ಸ್ಪ್ರಿಂಗ್ ತಕ್ಕಡಿ ಮತ್ತು ಸೀಲ್ ಮರಿಗಳು

ಗಲ್ಫಿನಲ್ಲಿ ಸಂಸಾರ ಹೂಡಿದವರ ಮನೆಯಲ್ಲಿ ದೇವರ ಪಟ ಇಲ್ಲದಿರಬಹುದು, ಒಗ್ಗರಣೆ ಡಬ್ಬಿ ಇಲ್ಲದಿರಬಹುದು, ಸ್ಪ್ರಿಂಗ್ ತಕ್ಕಡಿ ಇಲ್ಲದ ಮನೆಯನ್ನು ಮಾತ್ರ ನಾನು ನೋಡಲಿಲ್ಲ. ಗೇಣುದ್ದದ ಹಿತ್ತಾಳೆ ಪಟ್ಟಿ, ಮೇಲೆ ಹಿಡಿದುಕೊಳ್ಳಲು ಒಂದು ಬಳೆ, ಕೆಳಗೆ ತೂಗುಹಾಕಲು ಒಂದು ಕೊಕ್ಕೆ, ನಡುವೆ ಓಡಾಡುವ ಒಂದು ಮುಳ್ಳು. ಊರಿಗೆ ಹೊರಡುವ ತಿಂಗಳು ಮೊದಲೇ ಅದು ಕಪಾಟಿನಿಂದ ಹೊರಗೆ ಬರುತ್ತಿತ್ತು. ವಿಮಾನದವರು ಒಬ್ಬರಿಗೆ ಇಷ್ಟೇ ಕಿಲೋ ಎಂದು ಗೆರೆ ಎಳೆದಿದ್ದರಲ್ಲ, ಆ ಗೆರೆಯ ಆಚೆ ಒಂದು ಸೋಪು ಹೋದರೂ ಕೌಂಟರಿನಲ್ಲಿ ಮರ್ಯಾದೆ ಹೋಗುತ್ತಿತ್ತು. ಸೂಟ್‌ಕೇಸ್ ಎತ್ತು, ಮುಳ್ಳು ನೋಡು, ಹಾಲಿನ ಪುಡಿ ಡಬ್ಬ ತೆಗಿ, ಮತ್ತೆ ಎತ್ತು, ನಾದಿನಿಯ ಸೆಂಟ್ ಬಾಟ್ಲಿ ತುರುಕು, ಮತ್ತೆ ಎತ್ತು. ಒಬ್ಬ ದೊಡ್ಡ ಮನುಷ್ಯರು ಜೂನ್ ತಿಂಗಳಲ್ಲಿ ಎರಡು ಪ್ಯಾಂಟು, ಅದರ ಮೇಲೊಂದು ಕೋಟು ಹಾಕಿಕೊಂಡು ದೋಹಾ ಏರ್‌ಪೋರ್ಟಿನಲ್ಲಿ ಬೆವರುತ್ತ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೈಮೇಲಿನದ್ದು ಲಗೇಜಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ.

ನನ್ನ ಗಂಡನಿಗೆ ಈ ತಕ್ಕಡಿಯ ಮೇಲಿನ ಭಕ್ತಿ ಉಳಿದವರಿಗಿಂತ ಒಂದು ಕೈ ಜಾಸ್ತಿ. ಅವರ ಕೆಲಸವೇ ಅಂಥದು. ಬಂದರಿನ ಹತ್ತಿರ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ, ಕಾಗದದಲ್ಲಿ ಬರೆದ ತೂಕಕ್ಕೂ ಇಳಿದ ಸರಕಿನ ತೂಕಕ್ಕೂ ತಾಳೆ ನೋಡುವುದು. ದಿನವಿಡೀ ಅದನ್ನೇ ಮಾಡಿ ಮನೆಗೆ ಬಂದ ಮನುಷ್ಯನಿಗೆ ಪ್ರಪಂಚದ ಯಾವ ವಸ್ತುವೂ ಹೇಳಿಕೊಂಡಷ್ಟು ತೂಗುವುದಿಲ್ಲ ಎಂಬ ಅನುಮಾನ ಹತ್ತಿಬಿಟ್ಟಿತ್ತು. ಸಂತೆಯಿಂದ ತಂದ ಹೂಕೋಸನ್ನು ಕೊಕ್ಕೆಗೆ ಸಿಕ್ಕಿಸಿ ನೋಡುತ್ತಿದ್ದರು. ಒಂದು ಸಲ ನನ್ನ ತವರಿನಿಂದ ಬಂದ ಚಟ್ನಿಪುಡಿಯನ್ನೂ ತೂಗಿ, ಪತ್ರದಲ್ಲಿ ಬರೆದದ್ದಕ್ಕಿಂತ ಕಡಿಮೆ ಇದೆ ಎಂದು ವರದಿ ಕೊಟ್ಟರು. ನನಗೆ ಮೈ ಉರಿದುಹೋಗಿ ಆ ರಾತ್ರಿ ಉಪ್ಪಿಟ್ಟು ಮಾಡಿ ಹಾಕಿದೆ, ಅವರಿಗೆ ಉಪ್ಪಿಟ್ಟು ಕಂಡರೆ ಆಗುತ್ತಿರಲಿಲ್ಲ.

ಹೀಗಿರುವ ಮನೆಗೆ, ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ, ಅವಳಿ ಮಕ್ಕಳು ಬಂದವು. ಮೊದಲು ಗಂಡು, ಹಿಂದೆಯೇ ಹೆಣ್ಣು. ಆಗ ನಾವು ದೋಹಾದ ಅಲ್ ಅಜೀಜಿಯಾದಲ್ಲಿದ್ದೆವು. ಯಾವುದೋ ಕತಾರಿ ಕುಟುಂಬ ಬಿಟ್ಟುಹೋದ ಹಳೆಯ ವಿಲ್ಲಾ, ಅದನ್ನು ಪ್ಲೈವುಡ್ ಗೋಡೆ ಹಾಕಿ ನಾಲ್ಕು ಪೋರ್ಶನ್ ಮಾಡಿದ್ದರು. ನಮ್ಮ ಪಾಲಿಗೆ ಒಂದು ರೂಮು, ಒಂದು ಹಾಲು, ಮೊದಲು ಸ್ಟೋರ್ ಆಗಿದ್ದ ಒಂದು ಅಡುಗೆಮನೆ. ಪ್ಲೈವುಡ್ಡಿನ ಆಚೆ ಉಳ್ಳಾಲದ ಕಡೆಯ ಒಂದು ಬ್ಯಾರಿ ಕುಟುಂಬ. ಆ ಮನೆಯ ಹೆಂಗಸು ನನಗಿಂತ ಹತ್ತು ವರ್ಷ ದೊಡ್ಡವರು, ಐದು ಮಕ್ಕಳ ತಾಯಿ. ನಾನು ಅಕ್ಕ ಅನ್ನುತ್ತಿದ್ದೆ. ಬಾಣಂತನಕ್ಕೆ ಮೈಸೂರಿನಿಂದ ಬರಬೇಕಿದ್ದ ಅಮ್ಮನ ವೀಸಾ ಬರಲಿಲ್ಲ, ಅಕ್ಕನ ಬಿಸಿನೀರು ಮತ್ತು ಮೆಂತ್ಯದ ಗಂಜಿ ಬಂದವು.

ಆಸ್ಪತ್ರೆಯಿಂದ ಬಂದ ಮೊದಲ ಶುಕ್ರವಾರವೇ ಗಂಡ ಹಾಲಿಗೂ ರೂಮಿಗೂ ನಡುವಿನ ಬಾಗಿಲ ಮೇಲೆ ಒಂದು ಕಬ್ಬಿಣದ ಕೊಕ್ಕೆ ಬಡಿದರು. ಅದಕ್ಕೆ ತಕ್ಕಡಿ, ತಕ್ಕಡಿಗೆ ನನ್ನ ಹಳೆಯ ಕಾಟನ್ ಸೀರೆಯ ಜೋಲಿ. ಮೊದಲು ಬರೀ ಜೋಲಿಯ ತೂಕ, ಆಮೇಲೆ ಮಗು ಹಾಕಿ ತೂಕ, ಅದರಿಂದ ಇದನ್ನು ಕಳೆ. ಜೋಲಿ ಬಿದ್ದರೆ ಹಿಡಿಯಲು ಕೆಳಗೆ ನಾನು ಎರಡು ದಿಂಬು ಹಾಕಿಕೊಂಡು ಕೂತಿರಬೇಕು. ಗಂಡುಮಗ ಜೋಲಿಗೆ ಬಿದ್ದೊಡನೆ ವಿಲ್ಲಾ ಹಾರಿಹೋಗುವ ಹಾಗೆ ಕಿರುಚುತ್ತಿದ್ದ. ಹುಡುಗಿ ಸುಮ್ಮನೆ ಮಲಗಿ ಮೇಲೆ ನೋಡುತ್ತಿದ್ದಳು. ‘ನೋಡು, ಎಷ್ಟು ಕೋಆಪರೇಟ್ ಮಾಡ್ತಾಳೆ,’ ಎಂದು ಅಪ್ಪನಿಗೆ ಅವಳ ಮೇಲೆ ಬಹಳ ಮೆಚ್ಚುಗೆ.

ಆಫೀಸಿನಿಂದ ತಂದ ಗ್ರಾಫ್ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅಡ್ಡಕ್ಕೆ ವಾರ, ಉದ್ದಕ್ಕೆ ಕಿಲೋ. ಹುಡುಗನಿಗೆ ನೀಲಿ ಗೆರೆ, ಹುಡುಗಿಗೆ ಕೆಂಪು ಗೆರೆ. ಅಡಿಕೋಲು ಇಟ್ಟು ಎಳೆದ ಗೆರೆಗಳು, ಪ್ರತಿ ಚುಕ್ಕೆಯ ಪಕ್ಕದಲ್ಲಿ ಇರುವೆಯಂಥ ಅಕ್ಷರದಲ್ಲಿ ತಾರೀಖು. ಮನೆಗೆ ಬಂದವರು ಮಕ್ಕಳನ್ನು ನೋಡುವ ಮೊದಲು ಅದನ್ನು ನೋಡಬೇಕಾಗಿತ್ತು. ನೀಲಿ ಗೆರೆ ಹುಟ್ಟಿನಿಂದಲೇ ಮೇಲಿತ್ತು. ಕೆಂಪು ಗೆರೆ ಕೆಳಗಿದ್ದರೂ ಜೊತೆಜೊತೆಯಲ್ಲೇ ಏರುತ್ತಿತ್ತು. ಹಾಗೆ ನಾಲ್ಕು ತಿಂಗಳು ಏರಿತು, ಹೆಲ್ತ್ ಸೆಂಟರಿನಲ್ಲಿ ಚುಚ್ಚುಮದ್ದು ಹಾಕುವಾಗಲೂ ಎಲ್ಲ ಸರಿಯಾಗಿದೆ ಎಂದೇ ಹೇಳಿ ಕಳಿಸಿದ್ದರು.

ಹಾಲು ಕುಡಿಸುವ ಪಾಳಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಹುಡುಗ, ಆಮೇಲೆ ಹುಡುಗಿ. ಇದನ್ನು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಅವನು ಅರಚುತ್ತಿದ್ದ, ಅವಳು ಕಾಯುತ್ತಿದ್ದಳು, ಅರಚುವವನನ್ನು ಮೊದಲು ಎತ್ತಿಕೊಳ್ಳುವುದು ಯಾವ ತಾಯಿಯಾದರೂ ಮಾಡುವ ಕೆಲಸ. ತಿಂಗಳಿಗೊಮ್ಮೆ ಬರುವ ಟ್ರಂಕ್ ಕಾಲಿನಲ್ಲಿ ಮೈಸೂರಿನ ಅತ್ತೆಯವರೂ ಅದನ್ನೇ ಹೇಳುತ್ತಿದ್ದರು: ಗಂಡು ಮಗು ಹಸಿವು ತಡೆಯುವುದಿಲ್ಲ ಕಣಮ್ಮ, ಅವನಿಗೆ ಮೊದಲು ಕೊಡು. ಅವನು ಎರಡೂ ಕಡೆ ಕುಡಿದು, ಮೇಲೊಂದು ಬಾಟ್ಲಿ ಪುಡಿಹಾಲನ್ನೂ ಎಳೆಯುತ್ತಿದ್ದ. ಅವಳು ಬಾಟ್ಲಿಯ ನಿಪ್ಪಲ್ ಬಾಯಿಗಿಟ್ಟರೆ ನಾಲಗೆಯಿಂದ ಹೊರಗೆ ತಳ್ಳುತ್ತಿದ್ದಳು. ಎದೆಯಲ್ಲಿ ಉಳಿದದ್ದನ್ನು ಕುಡಿದು ತೆಪ್ಪಗೆ ಮಲಗುತ್ತಿದ್ದಳು. ಬಂದವರೆಲ್ಲ ಎಂಥ ಒಳ್ಳೆ ಮಗು, ಹೆತ್ತವಳಿಗೆ ಒಂದಿಷ್ಟೂ ಕಾಟ ಕೊಡುವುದಿಲ್ಲ ಎಂದು ಹೊಗಳುವರು, ನಾನೂ ಬೀಗುತ್ತಿದ್ದೆ.

ಆಗ ಬಂತು ಸೀಲ್. ಏಪ್ರಿಲ್ ತಿಂಗಳ ಒಂದು ಗುರುವಾರ ಸಂಜೆ, ಟಿವಿಯ ಇಂಗ್ಲಿಷ್ ಚಾನೆಲ್ಲಿನಲ್ಲಿ ಪ್ರಾಣಿಗಳ ಚಿತ್ರ. ಹೊರಗೆ ಮರಳುಗಾಳಿ, ಒಳಗೆ ಪರದೆಯ ಮೇಲೆ ಹಿಮ ಮತ್ತು ಕಲ್ಲಿನ ದ್ವೀಪ. ಆ ದ್ವೀಪದ ತುಂಬ ಸೀಲ್ ಪ್ರಾಣಿಗಳು, ನಾಯಿಯ ಮುಖ, ಮೀನಿನ ಮೈ, ಕೈಕಾಲಿನ ಜಾಗದಲ್ಲಿ ಹುಟ್ಟುಗೋಲು. ತಾಯಿ ಸೀಲ್ ಕಡಲಿಗೆ ಹೋಗಿ ದಿನಗಟ್ಟಲೆ ಮೀನು ತಿಂದು ಬರುತ್ತದೆ, ಸಾವಿರ ಮರಿಗಳ ಗದ್ದಲದಲ್ಲಿ ತನ್ನ ಮರಿಯ ಕೂಗನ್ನು ಗುರುತು ಹಿಡಿದು ಹಾಲೂಡಿಸುತ್ತದೆ. ನಾನು ಚಪಾತಿ ಲಟ್ಟಿಸುತ್ತ ಅರ್ಧ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಗಂಡ ಕುರ್ಚಿಯಿಂದ ಎದ್ದು ನಿಂತರು. ದಪ್ಪ ಜಾಕೆಟ್ ಹಾಕಿದ ಇಬ್ಬರು ವಿಜ್ಞಾನಿಗಳು ಒಂದು ಮರಿಯನ್ನು ಹಿಡಿದು, ಚೀಲದಲ್ಲಿ ಹಾಕಿ, ಆ ಚೀಲವನ್ನು ಒಂದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೇತುಹಾಕಿದ್ದರು. ಥೇಟ್ ನಮ್ಮ ಮನೆಯ ಬಾಗಿಲು.

‘ನೋಡೇ!’ ಎಂದು ಕೂಗಿದವರೇ ವಿಸಿಆರ್‌ಗೆ ಕೈಗೆ ಸಿಕ್ಕಿದ ಕ್ಯಾಸೆಟ್ ತುರುಕಿ ರೆಕಾರ್ಡ್ ಒತ್ತಿದರು. ಅದು ನಮ್ಮ ಮದುವೆಯ ಕ್ಯಾಸೆಟ್ಟು. ಮೊದಲ ಹತ್ತು ನಿಮಿಷ ಚಪ್ಪರದ ಪೂಜೆ, ಆಮೇಲೆ ಧಾರೆ ಎರೆಯುವಷ್ಟರಲ್ಲಿ ಸೀಲ್. ಇವತ್ತಿಗೂ ನನಗೆ ಮದುವೆಯಾದದ್ದಕ್ಕೆ ಮದುವೆ ಕಾಗದ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಚಿತ್ರದಲ್ಲಿ ಹೇಳಿದ್ದು ಇಷ್ಟು. ಗಂಡು ಮರಿ ಹುಟ್ಟುವಾಗಲೇ ಹೆಣ್ಣು ಮರಿಗಿಂತ ಭಾರ. ಹಾಲು ಕುಡಿಯುವ ತಿಂಗಳುಗಳಲ್ಲೂ ಗಂಡು ಬೇಗ ಬೇಗ ತೂಕ ಏರಿಸಿಕೊಳ್ಳುತ್ತದೆ. ಕುಡಿದ ಹಾಲನ್ನು ಹೆಣ್ಣು ಮರಿ ಹೆಚ್ಚಾಗಿ ಕೊಬ್ಬು ಮಾಡಿ ಕೂಡಿಟ್ಟುಕೊಂಡರೆ, ಗಂಡು ಮರಿ ಎಲುಬು ಮಾಂಸಕ್ಕೆ ಹಾಕುತ್ತದೆ. ಇಷ್ಟನ್ನು ಕೇಳಿದ ನನ್ನ ಗಂಡ ಫ್ರಿಜ್ಜಿನ ಹತ್ತಿರ ಹೋಗಿ ನೀಲಿ ಗೆರೆ ನೋಡಿದರು, ಕೆಂಪು ಗೆರೆ ನೋಡಿದರು, ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಸಂಬಳದ ದಿನವೂ ಕಂಡಿರಲಿಲ್ಲ.

ಮುಂದಿನ ಶುಕ್ರವಾರದಿಂದ ನಮ್ಮ ಮನೆಯ ಹಾಲ್ ಒಂದು ಸಿನಿಮಾ ಟಾಕೀಸಾಯಿತು. ಕರ್ನಾಟಕದವರು ಅಂದರೆ ಸಾಕು, ಊಟಕ್ಕೆ ಕರೆಯುವುದು, ಊಟವಾದ ಮೇಲೆ ಸೀಲ್ ತೋರಿಸುವುದು, ಸೀಲ್ ಆದಮೇಲೆ ಬಾಗಿಲ ಕೊಕ್ಕೆ ತೋರಿಸುವುದು, ಕೊನೆಗೆ ಗ್ರಾಫ್. ಬೆಂಗಳೂರಿನ ಒಬ್ಬ ಅಕೌಂಟೆಂಟ್ ಮಹಾಶಯರು ಹೆಣ್ಣು ಕೂಡಿಡುವುದು, ಗಂಡು ಬೆಳೆಸುವುದು ಪ್ರಕೃತಿಯಲ್ಲೇ ಇದೆ ನೋಡಿ ಎಂದು ತಮ್ಮ ಹೆಂಡತಿಯ ಕೈಯ ಬಳೆಗಳನ್ನು ತೋರಿಸಿ ನಕ್ಕರು. ಆಕೆ ನಗಲಿಲ್ಲ. ಇನ್ನೊಬ್ಬರು, ಹಾಗಾದರೆ ನಿಮ್ಮ ಮಗ ಚೆಕ್-ಇನ್ ಲಗೇಜು, ಮಗಳು ಹ್ಯಾಂಡ್ ಬ್ಯಾಗು ಎಂದರು. ಆ ಮಾತು ದೋಹಾದ ಕನ್ನಡಿಗರಲ್ಲೆಲ್ಲ ಹರಡಿ, ಮಕ್ಕಳ ಹೆಸರು ಗೊತ್ತಿಲ್ಲದವರೂ ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕರೆ ಹ್ಯಾಂಡ್ ಬ್ಯಾಗ್ ಹೇಗಿದೆ ಎಂದು ಕೇಳುವಷ್ಟಾಯಿತು. ನಾನು ನಗುತ್ತಲೇ ಚೆನ್ನಾಗಿದೆ ಅನ್ನುತ್ತಿದ್ದೆ.

ಪಕ್ಕದ ಅಕ್ಕನೂ ಒಂದು ದಿನ ಮಕ್ಕಳನ್ನು ಕಟ್ಟಿಕೊಂಡು ಬಂದು ಚಿತ್ರ ನೋಡಿದರು. ಎಲ್ಲರೂ ಮರಿಗಳನ್ನು ನೋಡಿದರೆ ಅವರ ಕಣ್ಣು ಬೇರೆ ಕಡೆ. ‘ಅದರ ಅಪ್ಪ ಎಲ್ಲಿ?’ ಎಂದು ಕೇಳಿದರು. ನನ್ನ ಗಂಡ ಪಾಸ್ ಒತ್ತಿ ಚಿತ್ರ ನಿಲ್ಲಿಸಿ, ಹಿಂದೆ ಬಂಡೆಯ ಮೇಲೆ ಬಿದ್ದುಕೊಂಡಿದ್ದ ಒಂದು ಬೆಟ್ಟದಂಥ ಪ್ರಾಣಿಯನ್ನು ತೋರಿಸಿ, ಗಂಡು ಸೀಲ್ ಜಾಗ ಕಾಯುತ್ತದೆ, ಬೇರೆ ಗಂಡುಗಳ ಜೊತೆ ಕಚ್ಚಾಡುತ್ತದೆ, ಮರಿಯ ಕೆಲಸ ಏನೂ ಮಾಡುವುದಿಲ್ಲ ಎಂದು ವಿವರಿಸಿದರು. ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ‘ಹಾಗಾದ್ರೆ ಅದಕ್ಕೂ ಶುಕ್ರವಾರ ರಜೆ ಉಂಟು ಕಾಣ್ತದೆ,’ ಅಂದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗಂಡ ಮಾತ್ರ ಪಾಸ್ ತೆಗೆದು ಮುಂದಿನ ಭಾಗಕ್ಕೆ ಹೋದರು.

ಆ ಕ್ಯಾಸೆಟ್ಟನ್ನು ನಾನು ಎಷ್ಟು ಸಲ ನೋಡಿದೆನೋ. ಬೋಂಡಾ ತಟ್ಟೆ ಹಿಡಿದು ಹಾಲಿಗೆ ಬರುವಾಗ, ಟೀ ಲೋಟ ತೆಗೆಯಲು ಬಗ್ಗುವಾಗ, ತುಂಡು ತುಂಡಾಗಿ ಪೂರ್ತಿ ಬಾಯಿಪಾಠವಾಗಿತ್ತು. ಅಂಥ ಒಂದು ಸಲ ನನಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ದ್ವೀಪದಲ್ಲಿ ಯಾವ ತಾಯಿಯ ಪಕ್ಕದಲ್ಲೂ ಎರಡು ಮರಿಗಳಿರಲಿಲ್ಲ. ಸೀಲಿಗೆ ಒಂದು ಸಲಕ್ಕೆ ಒಂದೇ ಮರಿ. ಗಂಡು ಹುಟ್ಟಿದ್ದರೆ ಗಂಡಿಗೆ, ಹೆಣ್ಣು ಹುಟ್ಟಿದ್ದರೆ ಹೆಣ್ಣಿಗೆ, ಇದ್ದ ಹಾಲೆಲ್ಲ ಅದಕ್ಕೇ. ಎಲ್ಲರೂ ಹೋದಮೇಲೆ ಇದನ್ನು ಗಂಡನಿಗೆ ಹೇಳಿದೆ. ಅವರು ಕ್ಯಾಸೆಟ್ ರಿವೈಂಡ್ ಮಾಡುತ್ತ, ಅದು ಡೀಟೇಲು, ಟ್ರೆಂಡ್ ನೋಡಬೇಕು ಅಂದರು. ನನಗೂ ಪಾತ್ರೆ ತೊಳೆಯುವುದಿತ್ತು, ಅಲ್ಲಿಗೆ ಬಿಟ್ಟೆ.

ಮೇ ತಿಂಗಳು ಹುಟ್ಟಿತು. ಎರಡು ಶುಕ್ರವಾರ ಕೆಂಪು ಗೆರೆ ಏರಲಿಲ್ಲ. ಮೂರನೆಯ ಶುಕ್ರವಾರ ಕೂದಲೆಳೆಯಷ್ಟು ಇಳಿಯಿತು. ನೀಲಿ ಗೆರೆ ಮಾತ್ರ ಹಾಳೆಯ ಮೇಲಂಚು ಮುಟ್ಟಿ, ಮೇಲೊಂದು ಹೊಸ ಹಾಳೆ ಅಂಟಿಸಬೇಕಾಯಿತು. ಅದನ್ನು ಅಂಟಿಸುವ ಸಂಭ್ರಮದಲ್ಲಿದ್ದ ಗಂಡನ ಹತ್ತಿರ ನಾನು ಕೆಂಪು ಗೆರೆಯ ಮಾತು ತೆಗೆದೆ.

‘ರೀ, ಇವಳು ಏರ್ತಾನೇ ಇಲ್ವಲ್ರೀ.’

‘ಏರಲ್ಲ ಕಣೇ. ನೀನೇ ನೋಡಿದೀಯಲ್ಲ, ಗ್ಯಾಪ್ ಜಾಸ್ತಿ ಆಗ್ತಾ ಹೋಗುತ್ತೆ. ಮಾಫಿ ಮುಷ್ಕಿಲ್.’

ಮಾಫಿ ಮುಷ್ಕಿಲ್ ಅಂದರೆ ಏನೂ ತೊಂದರೆಯಿಲ್ಲ. ದೋಹಾಗೆ ಬಂದ ಮೊದಲ ವಾರದಲ್ಲಿ ಗಂಡಸರು ಕಲಿಯುವ ಅರಬ್ಬಿ ಅದು, ಕೊನೆಯವರೆಗೂ ಅದೊಂದರಲ್ಲೇ ಕಾಲ ಹಾಕುತ್ತಾರೆ. ಹಡಗು ಬರದಿದ್ದರೂ ಮಾಫಿ ಮುಷ್ಕಿಲ್, ವೀಸಾ ಬರದಿದ್ದರೂ ಮಾಫಿ ಮುಷ್ಕಿಲ್. ನಾನು ಮತ್ತೆ ಕೇಳಿದರೆ ಅವರು ಮತ್ತೆ ಕ್ಯಾಸೆಟ್ ಹಾಕುತ್ತಾರೆ ಎಂಬ ಭಯಕ್ಕೆ ಸುಮ್ಮನಾದೆ. ಬಂದವರ ಹತ್ತಿರ ಕೇಳಿದರೂ ಅದೇ ಉತ್ತರ. ಎಲ್ಲರೂ ಚಿತ್ರ ನೋಡಿದ್ದರಲ್ಲ, ಎಲ್ಲರೂ ಸೀಲ್ ಪಂಡಿತರೇ. ಒಬ್ಬರಂತೂ ಹೆಣ್ಣುಮಗು ತೆಳ್ಳಗಿದ್ದರೆ ಮುಂದೆ ಒಳ್ಳೆಯದೇ ಅಲ್ಲವೇ ಎಂದು ನನ್ನನ್ನೇ ಸಮಾಧಾನ ಮಾಡಿದರು. ಟ್ರಂಕ್ ಕಾಲಿನಲ್ಲಿ ಅತ್ತೆಯವರು, ನಿನ್ನ ಗಂಡನೂ ಗುಂಡುಗುಂಡಗಿದ್ದ, ನಿನ್ನ ನಾದಿನಿ ಕಡ್ಡಿಯಾಗಿದ್ದಳು, ಈಗ ನೋಡು ಅಂದರು. ನಾದಿನಿಯ ಈಗಿನ ಗಾತ್ರ ನೆನೆಸಿಕೊಂಡು ನನಗೆ ಸ್ವಲ್ಪ ಧೈರ್ಯ ಬಂತು.

ಜೂನ್ ಮೊದಲ ಶುಕ್ರವಾರ ತೂಗುವ ಹೊತ್ತಿಗೆ ಅಕ್ಕ ಏನೋ ಪಾತ್ರೆ ವಾಪಸು ಕೊಡಲು ಬಂದರು. ಹುಡುಗನ ಸರದಿ ಮುಗಿದಿತ್ತು, ಎಂದಿನಂತೆ ಜಗತ್ತಿಗೆಲ್ಲ ಕೇಳುವಂತೆ ಅರಚಿ ಕೆಳಗಿಳಿದಿದ್ದ. ಹುಡುಗಿಯನ್ನು ಜೋಲಿಗೆ ಹಾಕುವ ಮೊದಲು ಅಕ್ಕ ಒಂದು ನಿಮಿಷ ಎತ್ತಿಕೊಂಡರು. ಎತ್ತಿಕೊಂಡವರು ಕೆಳಗಿಳಿಸಲಿಲ್ಲ. ಮೂಗಿನ ಕೆಳಗೆ ಬೆರಳಿಟ್ಟರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಅಂಗಾಲಿಗೆ ಉಗುರಿನಿಂದ ಮೆಲ್ಲಗೆ ಕೀರಿದರು. ಅವಳು ಕಾಲು ಎಳೆದುಕೊಂಡಳು, ಅಳಲಿಲ್ಲ.

‘ಇವಳು ಕೂಗುವುದೇ ಇಲ್ವಾ?’

ಇಲ್ಲ ಅಕ್ಕ, ಮೊದಲಿಂದ ಸಮಾಧಾನದ ಮಗು ಎಂದೆ. ಹೇಳುವಾಗಲೇ ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

‘ಐದು ಹೆತ್ತಿದ್ದೇನೆ ನಾನು. ಸಮಾಧಾನದ ಮಗು ಅಂತ ಯಾವುದೂ ಇಲ್ಲ. ಇವಳ ಮೈ ಬಿಸಿ ಉಂಟು, ಕೈಗೆ ಹಗುರ ಬರ್ತಾಳೆ. ನಾಳೆ ಬೆಳಿಗ್ಗೆ ಡಾಕ್ಟರ್ ಹತ್ರ ಕೊಂಡುಹೋಗಿ. ಅವರು ಬರದಿದ್ರೆ ನಾನು ಬರ್ತೇನೆ.’

ಅವರು ಅಂದರೆ ನನ್ನ ಗಂಡ, ತಕ್ಕಡಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಒಂದು ಸಲ ತೂಕ ನೋಡಿಬಿಡೋಣ ಅಂದರು. ನನಗೆ ಎಲ್ಲಿತ್ತೋ ಸಿಟ್ಟು. ಮಗುವನ್ನು ಕಸಿದುಕೊಂಡು, ನಿಮ್ಮ ತಕ್ಕಡಿಗಿಷ್ಟು ಬೆಂಕಿ ಹಾಕ ಎಂದೆ. ಆರು ತಿಂಗಳಲ್ಲಿ ಮೊದಲ ಸಲ ಆ ಶುಕ್ರವಾರ ಕೆಂಪು ಗೆರೆಗೆ ಚುಕ್ಕೆ ಬೀಳಲಿಲ್ಲ. ಅವತ್ತು ಹೆಲ್ತ್ ಸೆಂಟರಿಗೆ ರಜೆ. ದಿನವಿಡೀ ಒದ್ದೆ ಬಟ್ಟೆಯಿಂದ ಅವಳ ಹಣೆ ಒರೆಸುತ್ತ ಕೂತೆ. ಇಷ್ಟು ದಿನ ಹ್ಯಾಂಡ್ ಬ್ಯಾಗ್ ಎಂದು ನಕ್ಕ ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬೈದೆ.

ಶನಿವಾರ ಬೆಳಿಗ್ಗೆ ಗಂಡ ಆಫೀಸಿಗೆ ರಜೆ ಹಾಕಿ ಹೆಲ್ತ್ ಸೆಂಟರಿಗೆ ಜೊತೆಯಲ್ಲಿ ಬಂದರು. ಬರುವಾಗ ಫ್ರಿಜ್ಜಿನ ಬಾಗಿಲಿನಿಂದ ಗ್ರಾಫ್ ಹಾಳೆಯನ್ನು ಹುಷಾರಾಗಿ ಬಿಡಿಸಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಡಾಕ್ಟರಿಗೆ ಡೇಟಾ ಬೇಕಾಗುತ್ತದೆ ಅಂದರು. ಡಾಕ್ಟರ್ ಸುಡಾನಿನ ಹೆಂಗಸು, ಬಿಳಿ ಕೋಟಿನ ಕೆಳಗೆ ಬಣ್ಣದ ಉದ್ದ ಬಟ್ಟೆ ಉಟ್ಟ ಗಂಭೀರ ಮುಖ. ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಪ್ಲಾಸ್ಟಿಕ್ ಚೀಲ ಅಂಟಿಸಿ ಮೂತ್ರ ಹಿಡಿಸಿ ಲ್ಯಾಬಿಗೆ ಕಳಿಸಿದರು. ಕಾಯುವ ಹೊತ್ತಿನಲ್ಲಿ ನನ್ನ ಗಂಡ ಮೇಜಿನ ಮೇಲೆ ಹಾಳೆ ಬಿಚ್ಚಿದರು. ಡಾಕ್ಟರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕೆಂಪು ಗೆರೆ ಅಡ್ಡವಾದ ಜಾಗದಲ್ಲಿ ಬೆರಳಿಟ್ಟು, ಇದನ್ನು ಯಾರು ಬರೆದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನೇ ಬರೆದದ್ದು ಡಾಕ್ಟರ್ ಎಂದರು ಗಂಡ, ದನಿಯಲ್ಲಿ ಇನ್ನೂ ಒಂಚೂರು ಹೆಮ್ಮೆಯಿತ್ತು.

‘ಬಹಳ ಚೆನ್ನಾಗಿ ಬರೆದಿದ್ದೀರಿ. ನಮ್ಮ ನರ್ಸುಗಳೂ ಇಷ್ಟು ನೀಟಾಗಿ ಬರೆಯುವುದಿಲ್ಲ. ಇಷ್ಟು ವಾರ ಇದನ್ನು ನೋಡಿದವರು ಯಾರು?’

ನನ್ನ ಗಂಡ ಬಾಯಿ ತೆರೆದರು. ಸೀಲ್ ಎಂಬ ಮಾತು ಅವರ ನಾಲಗೆಯ ತುದಿಗೆ ಬಂದದ್ದು ನನಗೆ ಕಂಡಿತು. ದೇವರು ದೊಡ್ಡವನು, ಆಚೆಗೆ ಬರಲಿಲ್ಲ.

ಮೂತ್ರದಲ್ಲಿ ಸೋಂಕು. ಹೆಣ್ಣುಮಕ್ಕಳಲ್ಲಿ ಆಗುತ್ತದೆ, ಒಳಗೇ ಇದ್ದು ಮಗುವನ್ನು ತಿನ್ನುತ್ತದೆ, ಜ್ವರ ಬರುವ ತನಕ ಹೊರಗೆ ಕಾಣುವುದು ತೂಕ ಏರದಿರುವುದೊಂದೇ, ಎಂದರು. ಇನ್ನಷ್ಟು ದಿನ ಬಿಟ್ಟಿದ್ದರೆ ಕಿಡ್ನಿಗೆ ಹೋಗುತ್ತಿತ್ತು ಎಂದೂ ಹೇಳಿದರು. ರಕ್ತವೂ ಕಡಿಮೆ, ಮೈಯಲ್ಲಿ ಏನೂ ಇಲ್ಲ, ಆಸ್ಪತ್ರೆಗೆ ಸೇರಿಸಿ ಎಂದು ಚೀಟಿ ಬರೆದರು. ಹಾಲು ಯಾವುದು ಎಂದು ಕೇಳಿದರು. ಎದೆಹಾಲು ಮಾತ್ರ ಎಂದೆ. ಸಾಕಾಗುತ್ತದೆಯೇ ಎಂದು ಕೇಳಿದರು. ಸಾಕಾಗುತ್ತದೆ ಡಾಕ್ಟರ್, ಕುಡಿದು ತಾನೇ ಬಿಡುತ್ತಾಳೆ ಎಂದೆ.

ಹುಡುಗನನ್ನು ಅವನ ಬಾಟ್ಲಿಗಳ ಸಮೇತ ಅಕ್ಕನ ಮನೆಗೆ ಒಪ್ಪಿಸಿ ನಾನು ಮಗಳ ಜೊತೆ ವಾರ್ಡ್ ಸೇರಿದೆ. ಅಕ್ಕನ ಐದರ ನಡುವೆ ಅವನು ಆರನೆಯವನಾಗಿ, ಅರಚಿದರೂ ಯಾರೂ ಓಡಿ ಬರದ ಮನೆಯಲ್ಲಿ ಎರಡೇ ದಿನಕ್ಕೆ ಮೆತ್ತಗಾದನಂತೆ. ನನ್ನ ಗಂಡ ದಿನಾ ಸಂಜೆ ಬಂದು ಮಂಚದ ತುದಿಯಲ್ಲಿ ಕೂರುತ್ತಿದ್ದರು. ಎರಡನೆಯ ಸಂಜೆ ಅವರು ತಾವಾಗಿ, ಆ ಕ್ಯಾಸೆಟ್ಟಿನ ಮೇಲೆ ಕ್ರಿಕೆಟ್ ರೆಕಾರ್ಡ್ ಮಾಡಿಬಿಟ್ಟೆ ಎಂದರು. ತಪ್ಪೊಪ್ಪಿಗೆಯನ್ನು ಹೀಗೂ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಆಗ ಕಟ್ಟೆ ಒಡೆಯಿತು. ಇದೆಲ್ಲ ನಿಮ್ಮಿಂದ, ನಿಮ್ಮ ದರಿದ್ರ ಸೀಲಿನಿಂದ, ಕಾಗದದ ಮೇಲೆ ಗೆರೆ ಎಳೆಯಲು ಬರುತ್ತದೆ, ಹೆತ್ತ ಮಗಳ ಮುಖ ನೋಡಲು ಬರುವುದಿಲ್ಲ ಎಂದೆ. ಪಕ್ಕದ ಮಂಚದ ಈಜಿಪ್ಟಿನ ಹೆಂಗಸಿಗೆ ಕನ್ನಡ ಬರದಿದ್ದರೂ ಪೂರ್ತಿ ಅರ್ಥವಾಗಿ, ನನ್ನ ಪರವಾಗಿ ತಲೆಯಾಡಿಸಿದರು. ನನ್ನ ಗಂಡ ತಲೆ ತಗ್ಗಿಸಿ ಕೇಳಿಸಿಕೊಂಡರು. ಎದ್ದು ಹೋಗುವಾಗ ಮಗಳ ಪಾದ ಒಂದು ಸಲ ಮುಟ್ಟಿದರು, ಕಣ್ಣು ಕೆಂಪಗಿತ್ತು. ನನಗೆ ಕನಿಕರ ಬರಲಿಲ್ಲ. ತಪ್ಪೆಲ್ಲ ಅವರ ತಲೆಗೆ ಕಟ್ಟಿ ನಾನು ಹಗುರಾಗಿದ್ದೆ.

ಮೂರನೆಯ ಬೆಳಿಗ್ಗೆ ಜ್ವರ ಬಿಟ್ಟಿತು. ಕೇರಳದ ನರ್ಸು ಬಂದು, ಇವತ್ತು ಚೆನ್ನಾಗಿ ಹಾಲು ಕೊಡಿ, ಹೊಟ್ಟೆ ತುಂಬ ಕೊಡಿ ಎಂದು ಹೇಳಿ ಪರದೆ ಎಳೆದಳು. ಮಂಚದ ಮೇಲೆ ಕಾಲು ಮಡಚಿ ಕೂತು ಮಗಳನ್ನು ತೊಡೆಗೆ ಹಾಕಿಕೊಂಡೆ. ಎರಡು ದಿನ ಅವಳು ಡ್ರಿಪ್ಪಿನ ಮೇಲೇ ಇದ್ದು, ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಹುಡುಗ ಇಲ್ಲ, ಯಾರೂ ಅರಚುತ್ತಿಲ್ಲ, ಮೊದಲ ಹಾಲು ಅವಳಿಗೆ. ಹುಟ್ಟಿದ ಮೇಲೆ ಇದೇ ಮೊದಲ ಸಲ ಹೀಗೆ, ನಾವಿಬ್ಬರೇ, ಎಂದು ಆಗಲೇ ಹೊಳೆದದ್ದು. ಅವಳು ಬಾಯಿ ಹಾಕಿದಳು. ಗಟಗಟ ಎಂದು ಕುಡಿದಳು. ಗಂಟಲಿನ ಸದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಸ್ವಲ್ಪ ಹೊತ್ತು, ಅಷ್ಟೇ. ಆಮೇಲೆ ಬಾಯಿ ಬಿಟ್ಟಳು. ಬಿಟ್ಟು, ಮುಖ ಆ ಕಡೆಗೆ ತಿರುಗಿಸಿ, ಕೈ ಮಡಚಿಕೊಂಡು ಸುಮ್ಮನೆ ಮಲಗಿದಳು. ಹಾಲು ಇನ್ನೂ ಸೋರುತ್ತಿತ್ತು, ಅವಳ ಕೆನ್ನೆಯ ಮೇಲೇ ತೊಟ್ಟಿಕ್ಕುತ್ತಿತ್ತು. ಸುಸ್ತಾಯಿತೇನೋ ಎಂದು ಕಾದು ಮತ್ತೆ ಹಚ್ಚಿದೆ. ಎರಡು ಗುಟುಕು, ಮತ್ತೆ ಬಿಟ್ಟಳು. ನರ್ಸು ಪರದೆ ಸರಿಸಿ ನೋಡಿ, ಹಸಿವಿದೆ, ಹಾಲೂ ಇದೆ, ಯಾಕೆ ಬಿಡ್ತಾಳೆ ಎಂದು ತನಗೆ ತಾನೇ ಅಂದುಕೊಂಡಳು.

ನನಗೆ ಗೊತ್ತಾಯಿತು. ದಿನಾ ಅಷ್ಟು ಹೊತ್ತಿಗೆ ಮುಗಿದುಹೋಗುತ್ತಿತ್ತು. ಅಣ್ಣ ಕುಡಿದು ಉಳಿದದ್ದು ಎಷ್ಟು ಹೊತ್ತು ಬರುತ್ತದೆ ಎಂದು ಆರು ತಿಂಗಳ ಆ ಜೀವ ಕಲಿತುಕೊಂಡಿತ್ತು. ಅಷ್ಟೇ ತನ್ನದು, ಅದಾದ ಮೇಲೆ ಬಾಯಿ ಬಿಟ್ಟು ಮುಖ ತಿರುಗಿಸಬೇಕು. ಇದನ್ನು ಅವಳಿಗೆ ಕಲಿಸಿದ್ದು ಟಿವಿಯಲ್ಲ, ಅವಳ ಅಪ್ಪನಲ್ಲ, ನಗಾಡಿದ ದೋಹಾದ ಜನರಲ್ಲ. ದಿನಕ್ಕೆ ಆರೇಳು ಸಲ, ಇದೇ ತೊಡೆಯ ಮೇಲೆ ಹಾಕಿಕೊಂಡು, ನಾನೇ ಕಲಿಸಿದ್ದೆ. ಡಾಕ್ಟರಿಗೆ ತಾನೇ ಬಿಡುತ್ತಾಳೆ ಎಂದು ಹೇಳಿಯೂ ಬಂದಿದ್ದೆ.

ಅವಳ ಗಲ್ಲ ಹಿಡಿದು ಮುಖ ಈ ಕಡೆಗೆ ತಿರುಗಿಸಿಕೊಂಡೆ. ‘ಕುಡಿಯೇ ನನ್ನವ್ವ,’ ಎಂದೆ. ‘ಮುಗಿದಿಲ್ಲ. ಇನ್ನೂ ಇದೆ. ಎಲ್ಲಾ ನಿಂದೇ.’ ಅವಳು ನನ್ನನ್ನು ನೋಡಿದಳು, ಕುಡಿಯಲಿಲ್ಲ. ನಾನು ಹೇಳಿದ್ದನ್ನು ನಂಬಲು ಅವಳಿಗೆ ಇನ್ನೂ ನಾಲ್ಕು ದಿನ ಹಿಡಿಯಿತು.